ಒಂದೇ ಕರಿಹಲಗೆ, ನಾಲ್ಕು ಸಂಬಳ

ಮೇಷ್ಟ್ರ ಸಂಬಳದ ಬಗ್ಗೆ ಊರುಗಳಲ್ಲಿ ಎರಡು ಮಾತು ಓಡಾಡುತ್ತವೆ. ಒಂದು ಅರಳಿಕಟ್ಟೆಯದು: "ಹತ್ತಕ್ಕೆ ಹೋಗ್ತಾರೆ, ನಾಲ್ಕೂವರೆಗೆ ಬರ್ತಾರೆ. ದಸರಾ ರಜೆ, ಬೇಸಿಗೆ ರಜೆ ಬೇರೆ. ತಿಂಗಳಾದ್ರೆ ಎಂಬತ್ತು ಸಾವಿರ ಎಣಿಸ್ತಾರೆ, ಇನ್ನೇನಾಗ್ಬೇಕಂತೆ?" ಇನ್ನೊಂದು ವೇದಿಕೆಯದು. ದೇಶ ಕಟ್ಟುವ ಗುರುಗಳಿಗೆ ಎಷ್ಟು ಕೊಟ್ಟರೂ ಕಡಿಮೆಯೇ ಎಂಬ ಆ ಮಾತು ಸಾಮಾನ್ಯವಾಗಿ ಸೆಪ್ಟೆಂಬರ್ 5ರಂದು ಕೇಳಿಬರುತ್ತದೆ. ಮೊದಲ ಮಾತು ಆಡುವವರು ಕಂಡಿರುವುದು ಇಪ್ಪತ್ತೈದು ವರ್ಷ ಸರ್ವಿಸ್ ಆಗಿ, ತಾಲ್ಲೂಕು ಕೇಂದ್ರದಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದ ಸರ್ಕಾರಿ ಮೇಷ್ಟ್ರನ್ನು. ಎರಡನೆಯ ಮಾತು ಆಡುವವರ ಕಣ್ಣ ಮುಂದೆ ಆ ಹೊತ್ತಿಗೆ ಯಾವ ಮೇಷ್ಟ್ರೂ ಇರುವುದಿಲ್ಲ. ಹಾರ, ಶಾಲು, ಹಣ್ಣಿನ ಬುಟ್ಟಿ ಇರುತ್ತವೆ, ಅಷ್ಟೇ.

ಎರಡೂ ಮಾತು ಕರ್ನಾಟಕದ ಶಾಲೆಗಳ ಈಗಿನ ಸ್ಥಿತಿಗೆ ತಾಳೆಯಾಗುವುದಿಲ್ಲ. ಇಲ್ಲಿ ಶಿಕ್ಷಕರ ಸಂಬಳ ಒಂದಲ್ಲ, ಕಡಿಮೆಯೆಂದರೂ ನಾಲ್ಕು. ಸರ್ಕಾರಿ ಶಾಲೆಯ ಕಾಯಂ ಶಿಕ್ಷಕರದು ಒಂದು. ಅದೇ ಶಾಲೆಯ ಪಕ್ಕದ ಕೋಣೆಯಲ್ಲಿ ಪಾಠ ಮಾಡುವ ಅತಿಥಿ ಶಿಕ್ಷಕರದು ಇನ್ನೊಂದು. ಅನುದಾನಿತ ಶಾಲೆಯಲ್ಲಿ ಮಂಜೂರಾದ ಹುದ್ದೆಯಲ್ಲಿ ಇರುವವರದು, ಅದೇ ಶಾಲೆಯಲ್ಲಿ ಆಡಳಿತ ಮಂಡಳಿಯೇ ಇಟ್ಟುಕೊಂಡವರದು ಬೇರೆ ಬೇರೆ. ಅನುದಾನರಹಿತ ಖಾಸಗಿ ಶಾಲೆಗಳಿಗೆ ಬಂದರೆ, ಮಾಲೀಕರ ಮರ್ಜಿಯೇ ವೇತನಶ್ರೇಣಿ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಎಲ್ಲರೂ ಕಲಿಸುವುದು ಅದೇ ಪಠ್ಯಪುಸ್ತಕ, ಎಲ್ಲರ ಮಕ್ಕಳೂ ಕೂರುವುದು ಅದೇ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ. ಹಾಗಾಗಿ ಮೇಷ್ಟ್ರಿಗೆ ನ್ಯಾಯವಾದ ಸಂಬಳ ಸಿಗುತ್ತಿದೆಯೇ ಎಂದು ಯಾರಾದರೂ ಕೇಳಿದರೆ, ಯಾವ ಮೇಷ್ಟ್ರಿಗೆ ಎಂದು ತಿರುಗಿ ಕೇಳುವುದೇ ಸರಿ.

ಮೊದಲು ಕಾಯಂ ಶಿಕ್ಷಕರ ಲೆಕ್ಕ. ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ 7ನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಶೇ 27.5ರಷ್ಟು ಹೆಚ್ಚಳ, ಕನಿಷ್ಠ ಮೂಲವೇತನ 17,000ದಿಂದ 27,000 ರೂಪಾಯಿಗೆ. ಪ್ರಾಥಮಿಕ ಶಾಲಾ ಶಿಕ್ಷಕರ ಮೂಲವೇತನ ಹಿಂದಿನ 25,800ರ ಜಾಗದಲ್ಲಿ ಈಗ 41,300ರಿಂದ ಶುರು. ತುಟ್ಟಿಭತ್ಯೆ, ಹಳ್ಳಿ ದರದ ಮನೆ ಬಾಡಿಗೆ ಭತ್ಯೆ ಸೇರಿಸಿದರೆ ಹೊಸದಾಗಿ ಸೇರಿದವರ ಒಟ್ಟು ಸಂಬಳ ಐವತ್ತು ಸಾವಿರದ ಆಸುಪಾಸಿಗೆ ಬರುತ್ತದೆ. ವರ್ಷಕ್ಕೆ ಆರು ಲಕ್ಷಕ್ಕೆ ಸ್ವಲ್ಪ ಕಡಿಮೆ. ರಾಜ್ಯದ ತಲಾ ಆದಾಯ 2024–25ರಲ್ಲಿ ಸುಮಾರು 3.8 ಲಕ್ಷ. ಅಂದರೆ ಸೇವೆಗೆ ಸೇರಿದ ವರ್ಷವೇ ಸರಾಸರಿ ಕನ್ನಡಿಗನ ಆದಾಯದ ಒಂದೂವರೆ ಪಟ್ಟು. ಸರ್ವಿಸ್ ಆದಂತೆ ಇನ್‌ಕ್ರಿಮೆಂಟುಗಳು, ಕಾಲಮಿತಿ ಬಡ್ತಿಗಳು ಸೇರಿ ಇದು ಎರಡು ಪಟ್ಟು ದಾಟುತ್ತದೆ. ಜೀನ್ ಡ್ರೀಜ್ ಮತ್ತು ಅಮರ್ತ್ಯ ಸೇನ್ 2013ರ ತಮ್ಮ ಪುಸ್ತಕದಲ್ಲಿ ಇದೇ ಅಳತೆಗೋಲು ಹಿಡಿದು, ಭಾರತದ ಸರ್ಕಾರಿ ಶಿಕ್ಷಕರ ಸಂಬಳ ತಲಾ ಆದಾಯದ ಮೂರು ಪಟ್ಟಿಗೂ ಹೆಚ್ಚು, ಶ್ರೀಮಂತ ದೇಶಗಳಲ್ಲೂ ಚೀನಾದಲ್ಲೂ ಈ ಪ್ರಮಾಣ ಬಹಳ ಕಡಿಮೆ ಎಂದು ತೋರಿಸಿದ್ದರು. ಕರ್ನಾಟಕದ ತಲಾ ಆದಾಯ ಏರಿರುವುದರಿಂದ ಇಲ್ಲಿ ಆ ಅಂತರ ಅಷ್ಟಿಲ್ಲ. ಆದರೂ ಕಾಯಂ ಶಿಕ್ಷಕರು ಬಡಪಾಯಿಗಳೆಂದು ಯಾರಾದರೂ ವಾದಿಸಿದರೆ ಈ ಅಂಕಿಗಳ ಮುಂದೆ ಅದು ನಿಲ್ಲುವುದಿಲ್ಲ.

ಕಾಯಂ ಶಿಕ್ಷಕರು ತಮ್ಮನ್ನು ಹೋಲಿಸಿಕೊಳ್ಳುವುದು ಸರಾಸರಿ ಕನ್ನಡಿಗನ ಜೊತೆ ಅಲ್ಲ, ಮತ್ತೊಬ್ಬ ಸರ್ಕಾರಿ ನೌಕರನ ಜೊತೆ. ಅಲ್ಲಿ ಅವರ ಗೊಣಗಾಟದಲ್ಲಿ ಹುರುಳಿದೆ. 6ನೇ ಆಯೋಗದ ಶ್ರೇಣಿಗಳಲ್ಲಿ ದ್ವಿತೀಯ ದರ್ಜೆ ಸಹಾಯಕರಿಗೆ 21,400, ಪ್ರಾಥಮಿಕ ಶಿಕ್ಷಕರಿಗೆ 25,800, ಪ್ರಥಮ ದರ್ಜೆ ಸಹಾಯಕರಿಗೆ 27,650, ಪ್ರೌಢಶಾಲಾ ಶಿಕ್ಷಕರಿಗೆ 33,450, ಪಿಎಸ್‌ಐಗೆ 37,900 ಆರಂಭಿಕ ಮೂಲವೇತನ. ಒಂದನೇ ತರಗತಿಯ ಮಗುವಿಗೆ ಓದು ಹಚ್ಚುವವರು ಕಡತ ಹೊಲಿಯುವ ಇಬ್ಬರು ಗುಮಾಸ್ತರ ನಡುವೆ ಸಿಕ್ಕಿಕೊಂಡಿದ್ದಾರೆ. ಕಡತದ ಕೆಲಸ ಕೀಳೆಂದು ಹೇಳುತ್ತಿಲ್ಲ. ಆದರೆ ಓದು ಹತ್ತದೆ ಮೂರನೇ ತರಗತಿ ದಾಟಿದ ಮಗುವನ್ನು ಆಮೇಲೆ ದಾರಿಗೆ ತರುವುದು ಎಷ್ಟು ಕಷ್ಟ ಎಂಬುದನ್ನು ಬಲ್ಲವರು, ಚಿಕ್ಕ ತರಗತಿಗೇ ಕಡಿಮೆ ಸಂಬಳ ಎಂಬ ಈ ಶ್ರೇಣಿಯನ್ನು ಒಪ್ಪುವುದು ಕಷ್ಟ.

ಇದೇ ಕಾರಣಕ್ಕೆ ಸೇವಾನಿರತ ಪದವೀಧರ ಶಿಕ್ಷಕರ ಸಿಟ್ಟು ಬೀದಿಗೆ ಬಂತು. ಒಂದರಿಂದ ಏಳನೇ ತರಗತಿವರೆಗೆ ಕಲಿಸಲೆಂದು ನೇಮಕವಾಗಿದ್ದವರನ್ನು ಹೊಸ ವೃಂದ ಮತ್ತು ನೇಮಕಾತಿ ನಿಯಮ ಒಂದರಿಂದ ಐದಕ್ಕೆ ಇಳಿಸಿತು. ಆರರಿಂದ ಎಂಟಕ್ಕೆ ಪದವೀಧರ ಪ್ರಾಥಮಿಕ ಶಿಕ್ಷಕರೆಂಬ ಬೇರೆ ವೃಂದ, ಬೇರೆ ಶ್ರೇಣಿ ಬಂತು. ಪದವಿ, ಬಿ.ಇಡಿ ಮುಗಿಸಿ ಹದಿನೈದು ವರ್ಷ ಏಳನೇ ತರಗತಿಗೆ ಗಣಿತ ಕಲಿಸಿದವರಿಗೆ, ನೀವು ಈ ವೃಂದಕ್ಕೆ ಸೇರಿದವರಲ್ಲ, ಆದರೆ ಪಾಠ ಮಾತ್ರ ಮುಂದುವರಿಸಿ ಎಂದಂತಾಯಿತು. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಕರ್ನಾಟಕ ರಾಜ್ಯ ಪ್ರಾಥಮಿಕ ಶಾಲಾ ಶಿಕ್ಷಕರ ಸಂಘ ಸೇರಿಸಿದ ಜನಸಾಗರದ ಹಿಂದೆ ಇದ್ದದ್ದು ಈ ಕುದಿ.

ಪಿಂಚಣಿಯದು ಇನ್ನೊಂದು ಕಥೆ. 2006ರ ಏಪ್ರಿಲ್ 1ಕ್ಕೆ ಮೊದಲು ಸೇರಿದವರಿಗೆ ಹಳೆ ಪಿಂಚಣಿ, ಆಮೇಲಿನವರಿಗೆ ಎನ್‌ಪಿಎಸ್. ಒಂದೇ ಸ್ಟಾಫ್ ರೂಮಿನಲ್ಲಿ ಕೂತ ಇಬ್ಬರಲ್ಲಿ ಒಬ್ಬರ ಸಂಬಳದಿಂದ ತಿಂಗಳು ತಿಂಗಳು ಶೇ 10 ಕಡಿತವಾಗಿ ಮಾರುಕಟ್ಟೆಯ ಏರಿಳಿತಕ್ಕೆ ಒಳಪಟ್ಟ ನಿಧಿ ಸೇರುತ್ತದೆ, ಇನ್ನೊಬ್ಬರಿಗೆ ಕೊನೆಯ ಸಂಬಳದ ಅರ್ಧ ಖಾತ್ರಿ. 2006ಕ್ಕೂ ಮೊದಲೇ ಅಧಿಸೂಚನೆಯಾಗಿ, ಇಲಾಖೆಯ ಆಮೆವೇಗದಿಂದ ತಡವಾಗಿ ಆದೇಶ ಪಡೆದ ಸುಮಾರು 13,000 ನೌಕರರನ್ನು 2024ರಲ್ಲಿ ಹಳೆ ಪಿಂಚಣಿಗೆ ತರಲಾಯಿತು. ಉಳಿದವರು ಕಾಯುತ್ತಿದ್ದಾರೆ.

ಸಂಬಳ ಹೀಗೆ. ಇನ್ನು ಆ ಸಂಬಳಕ್ಕೆ ಮಾಡುವ ಕೆಲಸ ಯಾವುದು? ಈ ಪ್ರಶ್ನೆಗೆ ಕಾಗದದ ಮೇಲೆ ಸ್ಪಷ್ಟ ಉತ್ತರವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪಾಠ ಮತ್ತು ಅದರ ಸಿದ್ಧತೆ ಸೇರಿ ವಾರಕ್ಕೆ 45 ಗಂಟೆ. ಕಿರಿಯ ಪ್ರಾಥಮಿಕಕ್ಕೆ ವರ್ಷಕ್ಕೆ 200 ದಿನ, ಹಿರಿಯ ಪ್ರಾಥಮಿಕಕ್ಕೆ 220 ದಿನ. ಕಾಯ್ದೆಯ 27ನೇ ಕಲಂ ಪ್ರಕಾರ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರು ಬಿಟ್ಟು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚುವಂತಿಲ್ಲ.

ಕಾಗದ ಪಕ್ಕಕ್ಕಿಟ್ಟು, ಒಬ್ಬರೇ ಮೇಡಂ ಇರುವ ಕಿರಿಯ ಪ್ರಾಥಮಿಕ ಶಾಲೆಯೊಂದರ ಬೆಳಿಗ್ಗೆಯನ್ನು ನೋಡಿ. ಕರ್ನಾಟಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಶಾಲೆಗಳು ಏಕೋಪಾಧ್ಯಾಯ ಶಾಲೆಗಳು, ಆದ್ದರಿಂದ ಇದು ಅಪರೂಪದ ಚಿತ್ರವಲ್ಲ. ಗೇಟಿನ ಬೀಗ ತೆಗೆಯುವವರು ಮೇಡಂ. ಅಡುಗೆಯವರು ಬಂದರೋ ನೋಡಿ, ಹಾಲಿನ ಪುಡಿ ಅಳೆದು ಕೊಡುವವರು ಮೇಡಂ. ಮೊಟ್ಟೆ ಎಷ್ಟು ಮಕ್ಕಳಿಗೆ, ಬಾಳೆಹಣ್ಣು ಎಷ್ಟು ಮಕ್ಕಳಿಗೆ ಎಂದು ಬರೆದುಕೊಂಡು, ಬಿಸಿಯೂಟದ ಸಂಖ್ಯೆಯನ್ನು ಮೊಬೈಲಿನಲ್ಲಿ ಕಳಿಸಬೇಕು. ನೆಟ್‌ವರ್ಕ್ ಸಿಗದಿದ್ದರೆ ಫೋನ್ ಹಿಡಿದು ಅಂಗಳದ ಮೂಲೆಗೆ ನಡೆಯಬೇಕು. ಅಷ್ಟರಲ್ಲಿ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಯವರ ವಾಟ್ಸ್ಆ್ಯಪ್ ಸಂದೇಶ: ಆಧಾರ್ ಜೋಡಣೆಯಾಗದ ಮಕ್ಕಳ ಪಟ್ಟಿ ಇವತ್ತೇ ಬೇಕು, ಹನ್ನೊಂದು ಗಂಟೆಯೊಳಗೆ. ಈ ನಡುವೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನಲಿ-ಕಲಿ ಕಾರ್ಡುಗಳನ್ನು ಹರಡಿಕೊಂಡು ಕಾಯುತ್ತಿರುತ್ತಾರೆ, ನಾಲ್ಕು ಮತ್ತು ಐದನೆಯವರು ಜಗಲಿಯಲ್ಲಿ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿ ನಿಂತಿರುವುದೇ ಪ್ರತಿ ಮಗುವಿನ ಮೆಟ್ಟಿಲನ್ನು ಶಿಕ್ಷಕರು ಕೂತು ಗಮನಿಸುತ್ತಾರೆ ಎಂಬ ನಂಬಿಕೆಯ ಮೇಲೆ. ಕೂರುವುದಕ್ಕೆ ಪುರುಸೊತ್ತು ಎಲ್ಲಿದೆ?

ಮೊಟ್ಟೆಯ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ 2024ರಲ್ಲಿ ಶಾಲಾ ಮಕ್ಕಳಿಗೆ ವಾರದ ಆರು ದಿನವೂ ಮೊಟ್ಟೆ ಬಂತು. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ಮೊಟ್ಟೆಯೊಂದಕ್ಕೆ ಗೊತ್ತುಪಡಿಸಿದ್ದು 6 ರೂಪಾಯಿ, ಅದರೊಳಗೇ ಸಾಗಣೆ, ಬೇಯಿಸುವ, ಸುಲಿಯುವ ಖರ್ಚೂ ಸೇರಿತ್ತು. ಪೇಟೆಯಲ್ಲಿ ಮೊಟ್ಟೆಯ ಬೆಲೆಯೇ ಆರು ದಾಟಿದ ತಿಂಗಳುಗಳಲ್ಲಿ ವ್ಯತ್ಯಾಸ ತುಂಬಿದ್ದು ಬಹಳ ಕಡೆ ಮುಖ್ಯಶಿಕ್ಷಕರ ಜೇಬು. ಕೊಡದಿದ್ದರೆ ನೋಟಿಸು, ಕೊಟ್ಟರೆ ಕೈಯಿಂದ ಖರ್ಚು. ಸಂಬಳದ ಚೀಟಿಯಲ್ಲಿ ಈ ಕಡಿತಕ್ಕೆ ಕಾಲಂ ಇಲ್ಲ.

2025ರ ದಸರೆಯಲ್ಲಿ ಈ ಹೊರೆ ಇಡೀ ರಾಜ್ಯದ ಕಣ್ಣಿಗೆ ಬಿತ್ತು. ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಸೆಪ್ಟೆಂಬರ್ 22ಕ್ಕೆ ಶುರುವಾಯಿತು. ಗಣತಿದಾರರಾಗಿ ಸುಮಾರು 1.75 ಲಕ್ಷ ಶಿಕ್ಷಕರನ್ನು ಬಳಸುವುದಾಗಿ ಸರ್ಕಾರ ಹೇಳಿತು. ಅರವತ್ತು ಪ್ರಶ್ನೆ, ಒಬ್ಬೊಬ್ಬರಿಗೆ ನೂರೈವತ್ತರಷ್ಟು ಮನೆ. ವಿದ್ಯುತ್ ಮೀಟರಿನ ಆಧಾರದ ಮೇಲೆ ಅಂಟಿಸಿದ ಚೀಟಿ ಹುಡುಕಿಕೊಂಡು ಹೋದರೆ ಆ್ಯಪ್ ತೋರಿಸುವುದು ಒಂದು ಬೀದಿ, ಮನೆ ಇನ್ನೊಂದು ಬೀದಿಯಲ್ಲಿ. ಸರ್ವರ್ ಕೈಕೊಟ್ಟಾಗ ಕೆಂಡಾಮಂಡಲವಾದ ಮನೆಯವರನ್ನು ಸಮಾಧಾನ ಮಾಡುವುದೂ ಶಿಕ್ಷಕರ ಪಾಲಿಗೇ. ಅಕ್ಟೋಬರ್ 7ಕ್ಕೆ ಮುಗಿಯದೆ 18ರವರೆಗೆ ಮುಂದಕ್ಕೆ ಹೋಯಿತು, ಅಲ್ಲಿವರೆಗೆ ಶಾಲೆಗಳಿಗೆ ರಜೆ. ಇದು ಹತ್ತು ವರ್ಷದ ಜನಗಣತಿಯಲ್ಲ, ಚುನಾವಣೆಯಲ್ಲ, ವಿಪತ್ತೂ ಅಲ್ಲ. 27ನೇ ಕಲಂ ಏನಾಯಿತು ಎಂದು ಕೇಳಿದವರ ದನಿ ಜಾತಿ ಲೆಕ್ಕದ ಗದ್ದಲದಲ್ಲಿ ಕೇಳಿಸಲಿಲ್ಲ. ಸಮೀಕ್ಷೆ ಬೇಕಿತ್ತೇ ಬೇಡವೇ ಎಂಬ ವಾದ ಬೇರೆ. ನನ್ನ ಮಟ್ಟಿಗೆ ಬೇಕಿತ್ತು. ಆದರೆ ರಾಜ್ಯದಲ್ಲಿ ಮನೆಮನೆಗೆ ಹೋಗುವ ಯಾವ ಕೆಲಸ ಬಂದರೂ ಮೊದಲು ನೆನಪಾಗುವುದು ಮೇಷ್ಟ್ರೇ ಆಗಿದ್ದರೆ, ಅವರ ಉಳಿದ ಕೆಲಸ ಬಿಟ್ಟರೂ ನಡೆಯುತ್ತದೆ ಎಂದು ಸರ್ಕಾರವೇ ಹೇಳಿದಂತೆ.

ಆ ಕೆಲಸಕ್ಕೆ ಹಣ ಕೊಡಲಿಲ್ಲವೆಂದಲ್ಲ. ಗಣತಿದಾರರಿಗೆ ಗರಿಷ್ಠ 20,000 ರೂಪಾಯಿ ಗೌರವಧನ ನಿಗದಿಯಾಗಿತ್ತು. ಈ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಂಡು ಪಕ್ಕದ ಕೋಣೆಗೆ ಬನ್ನಿ.

ಪಕ್ಕದ ಕೋಣೆಯಲ್ಲಿ ಅತಿಥಿ ಶಿಕ್ಷಕರಿದ್ದಾರೆ. ರಾಜ್ಯದ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳಲ್ಲಿ ಇವರ ಸಂಖ್ಯೆ ಐವತ್ತು ಸಾವಿರದ ಆಸುಪಾಸು. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 10,000, ಪ್ರೌಢಶಾಲೆಯಲ್ಲಿ 10,500 ಇದ್ದ ಗೌರವಧನಕ್ಕೆ 2025–26ರ ಬಜೆಟ್ ಎರಡು ಸಾವಿರ ಸೇರಿಸಿತು. ವರ್ಷಕ್ಕೆ ಸುಮಾರು ಹತ್ತು ತಿಂಗಳು ಕೆಲಸ ಎಂದಿಟ್ಟುಕೊಂಡರೆ 1.2 ಲಕ್ಷ, ತಲಾ ಆದಾಯದ ಮೂರನೇ ಒಂದು ಪಾಲಿನಷ್ಟು. ತಿಂಗಳಿಗೆ ಇಪ್ಪತ್ತಾರು ದಿನವೆಂದರೆ ದಿನಕ್ಕೆ 460 ರೂಪಾಯಿ. ಅದೇ ವರ್ಷ ಕರ್ನಾಟಕದಲ್ಲಿ ನರೇಗಾ ಕೂಲಿ 370. ಡಿ.ಇಡಿ, ಬಿ.ಇಡಿ, ಟಿಇಟಿ ಎಲ್ಲಾ ದಾಟಿ ಬಂದವರಿಗೂ ಕೆರೆ ಹೂಳೆತ್ತುವವರಿಗೂ ನಡುವೆ ತೊಂಬತ್ತು ರೂಪಾಯಿ. ಕಾಯಂ ಶಿಕ್ಷಕರು ನಾಲ್ಕು ವಾರದ ಸಮೀಕ್ಷೆಗೆ ಸಂಬಳದ ಮೇಲೆ ಪಡೆಯಬಹುದಾಗಿದ್ದ ಹಣ ಇವರ ಒಂದೂವರೆ ತಿಂಗಳ ದುಡಿಮೆಗಿಂತ ಹೆಚ್ಚು.

ಇವರ ಪಾಡು ಮೊತ್ತದಲ್ಲಿ ಮುಗಿಯುವುದಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದರೂ ನೇಮಕದ ಆದೇಶ ಬರುವಷ್ಟರಲ್ಲಿ ದಿನ ಕಳೆದಿರುತ್ತದೆ. ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಆ ಹುದ್ದೆಗೆ ಕಾಯಂ ಶಿಕ್ಷಕರು ಬಂದರೆ ಮರುದಿನ ಇವರು ಮನೆಗೆ. ಗೌರವಧನ ಬಿಡುಗಡೆಯಾಗಿ ಬಿಇಒ ಕಚೇರಿ ದಾಟಿ ಶಾಲೆಗೆ ತಲುಪುವುದರೊಳಗೆ ಎರಡು ಮೂರು ತಿಂಗಳ ಬಾಕಿ ಸೇರಿಕೊಂಡಿರುವುದು ಮಾಮೂಲು. ಬೇಸಿಗೆಯಲ್ಲಿ ಕಾಯಂ ಶಿಕ್ಷಕರಿಗೆ ರಜೆ, ಇವರಿಗೆ ನಿರುದ್ಯೋಗ. ಹೀಗಿದ್ದೂ ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದಾಗ ಬಿಇಒ ಸಭೆಯಲ್ಲಿ ವಿಜ್ಞಾನದ ಅಂಕಗಳಿಗೆ ಉತ್ತರ ಕೊಡಬೇಕಾದವರು ಇವರೇ. ಆ ವಿಷಯಕ್ಕೆ ಶಾಲೆಯಲ್ಲಿ ಬೇರೆ ಯಾರೂ ಇಲ್ಲವಲ್ಲ.

ಇಷ್ಟು ಮಂದಿ ಯಾಕೆ ಬೇಕಾದರು? ಖಾಲಿ ಹುದ್ದೆ ತುಂಬದ್ದಕ್ಕೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಅಧಿಸೂಚನೆ ಬಂತು. ವಿವಾಹಿತ ಮಹಿಳೆಯರ ಜಾತಿ-ಆದಾಯ ಪ್ರಮಾಣಪತ್ರ ತಂದೆಯ ಹೆಸರಿನದಿರಬೇಕೋ ಗಂಡನ ಹೆಸರಿನದೋ ಎಂಬ ತಕರಾರು ಕೋರ್ಟಿಗೆ ಹೋಗಿ, ಆಯ್ಕೆಯಾದವರು ಶಾಲೆ ಸೇರುವುದು ತೀರಾ ತಡವಾಯಿತು. ಅದಕ್ಕೆ ಹೋಲಿಸಿದರೆ ತೊಂಬತ್ತರ ದಶಕ ನೆನಪಾಗುತ್ತದೆ. ಎಚ್.ಜಿ. ಗೋವಿಂದೇಗೌಡರು ಪ್ರಾಥಮಿಕ ಶಿಕ್ಷಣ ಸಚಿವರಾಗಿದ್ದಾಗ ಲಕ್ಷದಷ್ಟು ಶಿಕ್ಷಕರು ಪಾರದರ್ಶಕವಾಗಿ ನೇಮಕವಾದರು ಎಂದು ಶಿಕ್ಷಣ ವಲಯದಲ್ಲಿ ಇವತ್ತಿಗೂ ಹೇಳುತ್ತಾರೆ. ಅದೇ ಕಾಲದಲ್ಲಿ ರಾಜಸ್ಥಾನ, ಮಧ್ಯಪ್ರದೇಶ, ಉತ್ತರಪ್ರದೇಶಗಳು ಶಿಕ್ಷಾಕರ್ಮಿ, ಶಿಕ್ಷಾಮಿತ್ರ ಎಂಬ ಹೆಸರಿನಲ್ಲಿ ಅಗ್ಗದ ಶಿಕ್ಷಕರ ದಾರಿ ಹಿಡಿದಿದ್ದವು. ಕರ್ನಾಟಕ ಆಗ ಆ ದಾರಿಗೆ ಹೋಗಲಿಲ್ಲ, ತಡವಾಗಿ ಹೋಯಿತು.

ಅಗ್ಗದ ಶಿಕ್ಷಕರನ್ನು ಸಮರ್ಥಿಸುವವರ ಕೈಯಲ್ಲಿ ಒಂದೆರಡು ಅಧ್ಯಯನಗಳಿವೆ, ಅವನ್ನು ಪಕ್ಕಕ್ಕೆ ಸರಿಸುವಂತಿಲ್ಲ. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಆಂಧ್ರಪ್ರದೇಶದ ಹಳ್ಳಿ ಶಾಲೆಗಳಲ್ಲಿ ನಡೆಸಿದ ಪ್ರಯೋಗದಲ್ಲಿ, ಕಾಯಂ ಶಿಕ್ಷಕರ ಸಂಬಳದ ಐದನೇ ಒಂದು ಪಾಲು ಪಡೆಯುವ ಗುತ್ತಿಗೆ ಶಿಕ್ಷಕರು ಕಲಿಸುವುದರಲ್ಲಿ ಏನೂ ಕಡಿಮೆ ಇಲ್ಲವೆಂದು ಕಂಡಿತು. ಇಂಡೋನೇಷ್ಯಾದಲ್ಲಿ ಶಿಕ್ಷಕರ ಮೂಲವೇತನವನ್ನು ದುಪ್ಪಟ್ಟು ಮಾಡಿದ ಮೇಲೆ ನಡೆದ ಅಧ್ಯಯನದಲ್ಲಿ ಶಿಕ್ಷಕರು ಹೆಚ್ಚು ತೃಪ್ತರಾದರು, ಎರಡನೇ ಕೆಲಸಕ್ಕೆ ಹೋಗುವವರು ಕಡಿಮೆಯಾದರು, ಮಕ್ಕಳ ಅಂಕ ಮಾತ್ರ ಇದ್ದಲ್ಲೇ ಇತ್ತು. ಹಾಗಾದರೆ ಸಂಬಳಕ್ಕೂ ಕಲಿಕೆಗೂ ಸಂಬಂಧವಿಲ್ಲ, ಹತ್ತು ಸಾವಿರಕ್ಕೇ ಕೆಲಸ ನಡೆಯುತ್ತದೆ ಎನ್ನೋಣವೇ?

ನಾನು ಹಾಗೆ ಓದುವುದಿಲ್ಲ. ಆಂಧ್ರದ ಆ ಗುತ್ತಿಗೆ ಶಿಕ್ಷಕರು ಬಹುಪಾಲು ಅದೇ ಊರಿನ ಯುವಕ ಯುವತಿಯರು. ಇವತ್ತಲ್ಲ ನಾಳೆ ಕಾಯಂ ಆಗಬಹುದೆಂಬ ಆಸೆಯ ಮೇಲೆ ದುಡಿಯುವ ವಯಸ್ಸು ಅದು. ನಲವತ್ತು ದಾಟಿ, ವಯೋಮಿತಿ ಮೀರಿ, ಮಗಳ ಕಾಲೇಜು ಫೀ ಕಟ್ಟಬೇಕಾದ ಅತಿಥಿ ಶಿಕ್ಷಕರ ಮೇಲೆ ಆ ಫಲಿತಾಂಶ ಹೇರಲಾಗದು. ಇಂಡೋನೇಷ್ಯಾದ ಹೆಚ್ಚಳ ಸಿಕ್ಕಿದ್ದು ಆಗಲೇ ಕೆಲಸದಲ್ಲಿದ್ದವರಿಗೆ. ಸಂಬಳ ನೋಡಿ ಮುಂದೆ ಎಂಥವರು ಈ ವೃತ್ತಿಗೆ ಬರುತ್ತಾರೆ ಎಂಬುದನ್ನು ಆ ಅಧ್ಯಯನ ಅಳೆಯಲು ಹೊರಟಿರಲಿಲ್ಲ. ಆದರೆ ಒಂದು ಕಹಿ ಸತ್ಯವನ್ನು ಇವೆರಡೂ ಹೇಳುತ್ತವೆ, ಅದನ್ನು ಶಿಕ್ಷಕ ಸಂಘಗಳು ಕೇಳಿಸಿಕೊಳ್ಳಲೇಬೇಕು: ಮೇಲಿನವರ ಸಂಬಳಕ್ಕೆ ಇನ್ನೊಂದಿಷ್ಟು ಸೇರಿಸಿದ ಮಾತ್ರಕ್ಕೆ ಮಗುವಿಗೆ ಓದು ಬರುವುದಿಲ್ಲ.

ಶಾಲೆಗೇ ಬರದೆ ಸಂಬಳ ಎಣಿಸುತ್ತಾರೆ ಎಂಬ ದೂರಿಗೆ ಇಲ್ಲಿ ಎರಡು ಸಾಲು ಸಾಕು. 2003ರಲ್ಲಿ ದೇಶದಾದ್ಯಂತ ಹೇಳದೆ ಕೇಳದೆ ಭೇಟಿ ಕೊಟ್ಟು ನೋಡಿದಾಗ ಸರ್ಕಾರಿ ಪ್ರಾಥಮಿಕ ಶಾಲೆಗಳ ನಾಲ್ವರಲ್ಲೊಬ್ಬರು ಶಿಕ್ಷಕರು ಶಾಲೆಯಲ್ಲಿ ಇರಲಿಲ್ಲ. ಅಜೀಂ ಪ್ರೇಮ್‌ಜಿ ಫೌಂಡೇಶನ್ 2017ರಲ್ಲಿ ಆರು ರಾಜ್ಯಗಳ 619 ಶಾಲೆಗಳನ್ನು ನೋಡಿದಾಗ ಇಲ್ಲದವರು ಶೇ 18.5, ಅದರಲ್ಲಿ ಕಾರಣವಿಲ್ಲದೆ ಗೈರಾದವರು ಶೇ 2.5 ಮಾತ್ರ. ಉಳಿದವರು ರಜೆಯಲ್ಲೋ ತರಬೇತಿಯಲ್ಲೋ ಇಲಾಖೆಯೇ ಕಳಿಸಿದ ಬೇರೆ ಕೆಲಸದಲ್ಲೋ ಇದ್ದರು.

ಇನ್ನು ಖಾಸಗಿ ಶಾಲೆ. ಬಣ್ಣದ ಬಸ್ಸು, ಟೈ ಕಟ್ಟಿದ ಮಕ್ಕಳು, ಗೋಡೆಯ ಮೇಲೆ ರ‍್ಯಾಂಕ್ ಬಂದವರ ಫ್ಲೆಕ್ಸ್, ಇವುಗಳ ಹಿಂದೆ ಸಣ್ಣ ಊರುಗಳಲ್ಲಿ ಎಂಟು, ಹತ್ತು, ಹೆಚ್ಚೆಂದರೆ ಹದಿನೈದು ಸಾವಿರದ ಮಿಸ್‌ಗಳು ದುಡಿಯುತ್ತಾರೆ. ಬೆಂಗಳೂರಿನ ದುಬಾರಿ ಅಂತರರಾಷ್ಟ್ರೀಯ ಶಾಲೆಗಳ ಸಂಬಳ ತೋರಿಸಿ ಖಾಸಗಿಯೇ ಮೇಲು ಎನ್ನುವವರು ಒಮ್ಮೆ ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಹಿಂದಿನ ಕಾನ್ವೆಂಟಿಗೆ ಹೋಗಿ ಬರಬೇಕು. ಪೂರ್ತಿ ಮೊತ್ತಕ್ಕೆ ಸಹಿ ಹಾಕಿಸಿಕೊಂಡು ಕೈಗೆ ಕಡಿಮೆ ಕೊಡುವುದು, ಖಾತೆಗೆ ಹಾಕಿ ಒಂದು ಪಾಲನ್ನು ನಗದಾಗಿ ವಾಪಸ್ ಪಡೆಯುವುದು, ವರ್ಷದ ನಡುವೆ ಬಿಟ್ಟು ಹೋಗದಂತೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವುದು, ಇವೆಲ್ಲ ಈ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟುಗಳು. ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಮನೆಯಲ್ಲಿ ಸುಮ್ಮನೆ ಕೂರುವ ಬದಲು ಹೋಗ್ತಾಳೆ, ಮಕ್ಕಳ ಫೀಯಲ್ಲಿ ರಿಯಾಯಿತಿನೂ ಸಿಗುತ್ತೆ ಎಂಬ ಗಂಡಂದಿರ ಮಾತೇ ಆಡಳಿತ ಮಂಡಳಿಗಳಿಗೆ ಸಂಬಳ ಏರಿಸದಿರಲು ದೊಡ್ಡ ಆಧಾರ.

ಕಾನೂನು ಇವರ ಕೈ ಹಿಡಿಯಲಿಲ್ಲವೇ ಎಂದರೆ, ಬಹಳ ಕಾಲ ಹಿಡಿಯಲಿಲ್ಲ. 1988ರಲ್ಲಿ ಸುಂದರಾಂಬಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಶಿಕ್ಷಕರು ಕಾರ್ಮಿಕರಲ್ಲ ಎಂದಿತು. 1996ರಲ್ಲಿ ಹರಿಯಾಣದ ಮಾನ್ಯತೆ ಇಲ್ಲದ ಶಾಲೆಗಳ ಪ್ರಕರಣದಲ್ಲಿ, ಕನಿಷ್ಠ ವೇತನ ಕಾಯ್ದೆಯೂ ಅವರಿಗೆ ಅನ್ವಯಿಸದು ಎಂದಾಯಿತು. 2004ರಲ್ಲಿ ಗ್ರಾಚ್ಯುಟಿಯೂ ಇಲ್ಲವೆಂದಾಗ ಸಂಸತ್ತೇ 2009ರಲ್ಲಿ ಕಾಯ್ದೆ ತಿದ್ದಬೇಕಾಯಿತು. ಆ ತಿದ್ದುಪಡಿಯನ್ನು ಖಾಸಗಿ ಶಾಲೆಗಳು ಪ್ರಶ್ನಿಸಿ, 2022ರಲ್ಲಿ ಸೋತವು. ಬೋಧನೆ ಕೂಲಿಗಿಂತ ಮೇಲಿನ, ಪವಿತ್ರವಾದ ಕೆಲಸವೆಂಬ ಗೌರವವೇ ಆ ಹಳೆ ತೀರ್ಪುಗಳ ಹಿಂದೆ ಇತ್ತು. ಅದರ ಫಲವಾಗಿ ಶಾಲೆಯ ಬಸ್ ಡ್ರೈವರ್‌ಗೆ ಲೇಬರ್ ಕೋರ್ಟಿನ ಬಾಗಿಲು ತೆರೆದಿತ್ತು, ಅದೇ ಬಸ್ಸಿನಲ್ಲಿ ಬರುವ ಮಿಸ್‌ಗೆ ಮುಚ್ಚಿತ್ತು. ಗುತ್ತಿಗೆ ಪ್ರಾಧ್ಯಾಪಕರ ಪ್ರಕರಣವೊಂದರಲ್ಲಿ 2025ರ ಆಗಸ್ಟ್‌ನಲ್ಲಿ ಅದೇ ಸುಪ್ರೀಂ ಕೋರ್ಟ್, ಬೋಧಕರನ್ನು ಈ ರೀತಿ ನಡೆಸಿಕೊಂಡು ಸಭೆಗಳಲ್ಲಿ ಗುರುಬ್ರಹ್ಮ ಶ್ಲೋಕ ಹೇಳಿದರೆ ಪ್ರಯೋಜನವಿಲ್ಲ ಎಂಬರ್ಥದ ಮಾತನ್ನು ಗುಜರಾತ್ ಸರ್ಕಾರಕ್ಕೆ ಹೇಳಿತು.

ಕೋವಿಡ್ ಕಾಲ ಈ ವಲಯದ ಬಣ್ಣವನ್ನೆಲ್ಲ ತೊಳೆದು ತೋರಿಸಿತು. ಫೀ ನಿಂತ ತಿಂಗಳೇ ಸಂಬಳ ನಿಂತಿತು. ತರಕಾರಿ ಗಾಡಿ ತಳ್ಳಿದವರು, ನರೇಗಾ ಕೆಲಸಕ್ಕೆ ಹೋದವರು ಎಷ್ಟೋ ಮಂದಿ. 2021ರ ಜೂನ್‌ನಲ್ಲಿ ಯಡಿಯೂರಪ್ಪ ಸರ್ಕಾರ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ತಲಾ 5,000 ರೂಪಾಯಿ ಒಂದು ಬಾರಿಯ ನೆರವು ಕೊಟ್ಟಿತು. ಕನ್ನಡ ಮಾಧ್ಯಮದ ಅನುದಾನರಹಿತ ಶಾಲೆಗಳ ಸ್ಥಿತಿ ಇನ್ನೂ ಬಿಗಡಾಯಿಸಿದ್ದು. ದೊಡ್ಡ ಫೀ ಕೇಳುವ ಹಾಗಿಲ್ಲ, 1995ರ ನಂತರ ಶುರುವಾದ ಶಾಲೆಗಳನ್ನು ಅನುದಾನಕ್ಕೆ ಒಳಪಡಿಸಿ ಎಂಬ ಬೇಡಿಕೆ ಸರ್ಕಾರದಿಂದ ಸರ್ಕಾರಕ್ಕೆ ದಾಟುತ್ತಲೇ ಇದೆ. ಸಾಹಿತ್ಯ ಸಮ್ಮೇಳನಗಳಲ್ಲಿ ಕನ್ನಡ ಶಾಲೆ ಉಳಿಸಿ ಎಂದು ನಿರ್ಣಯ ಮಾಡುವವರು, ಆ ಶಾಲೆಯ ಮೇಷ್ಟ್ರು ತಿಂಗಳಿಗೆ ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಹಿಂದೆ ಎಲ್ಲಾ ಚೆನ್ನಾಗಿತ್ತು ಎನ್ನುವವರಿಗೂ ಒಂದು ಮಾತು. ಮದ್ರಾಸ್ ಗವರ್ನರ್ ಮನ್ರೋ ಕೇಳಿದ ವರದಿಗೆ ಉತ್ತರವಾಗಿ ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರಲ್ಲಿ ಜಿಲ್ಲೆಯ ಶಾಲೆಗಳನ್ನು ಎಣಿಸಿದ. 533 ಶಾಲೆ, ಅದರಲ್ಲಿ ಕನ್ನಡದವು 235, ಒಟ್ಟು 6,641 ಮಕ್ಕಳು. ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳಾದವು, ಅವರ ಮನೆಯವರು ಕೊಟ್ಟ ಪುಡಿಗಾಸೇ ಅಯ್ಯಗಳೆಂದು ಕರೆಸಿಕೊಳ್ಳುತ್ತಿದ್ದ ಮೇಷ್ಟ್ರ ಸಂಬಳ. ಹಳೆ ಮೈಸೂರಿನ ಕೂಲಿಮಠಗಳಲ್ಲಿ ಮಾರ್ನವಮಿಗೆ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಮನೆಮನೆ ಮುಂದೆ ಚೌಪದ ಹಾಡಿಸಿ, ಬಂದ ಕಾಣಿಕೆಯನ್ನು ಅಯ್ಯಗಳಿಗೆ ಒಪ್ಪಿಸುವ ಪದ್ಧತಿಯಿತ್ತು. ಮುಂದೆ 1868ರಲ್ಲಿ ಲೂಯಿ ರೈಸ್ ಮೈಸೂರಿನಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದಾಗ ಸರ್ಕಾರದ ಸಂಬಳ ಹಳ್ಳಿಗೆ ಬಂತು, ಬಡತನ ಹೋಗಲಿಲ್ಲ. ಬಿ.ಆರ್. ಪಂತುಲು ಅವರ 1958ರ ‘ಸ್ಕೂಲ್ ಮಾಸ್ಟರ್’ ಸಿನಿಮಾ ನೋಡಿ ಕಣ್ಣೊರೆಸಿಕೊಂಡ ಜನಕ್ಕೆ ನಿವೃತ್ತ ಮೇಷ್ಟ್ರ ಬಡತನ ಕಥೆಗಾರನ ಕಲ್ಪನೆ ಎನ್ನಿಸಿರಲಿಲ್ಲ. ಕಾಯಂ ಶಿಕ್ಷಕರ ಈಗಿನ ಸಂಬಳ ಮೇಲಿಂದ ಉದುರಿದ್ದಲ್ಲ, ಸಂಘಟನೆ ಕಟ್ಟಿ ಹಂತಹಂತವಾಗಿ ಪಡೆದದ್ದು. ಅದನ್ನು ನೋಡಿ ಹೊಟ್ಟೆ ಉರಿದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಈ ಇಡೀ ಪ್ರಶ್ನೆಗೆ ಸರಿಯಾದ ಸೂತ್ರ ಸಿಕ್ಕಿದ್ದು ಅರವತ್ತು ವರ್ಷದ ಹಿಂದೆ. 1964–66ರ ಕೊಠಾರಿ ಆಯೋಗ, ಶಾಲೆ ಸರ್ಕಾರದ್ದಿರಲಿ, ಸ್ಥಳೀಯ ಸಂಸ್ಥೆಯದಿರಲಿ, ಖಾಸಗಿಯದಿರಲಿ, ಒಂದೇ ವರ್ಗದ ಶಿಕ್ಷಕರಿಗೆ ಒಂದೇ ವೇತನಶ್ರೇಣಿ ಇರಬೇಕು ಎಂದಿತ್ತು. ಆಗ ಅಂತರ ಇದ್ದದ್ದು ಆಡಳಿತ ಆಡಳಿತಗಳ ನಡುವೆ. ಒಂದೇ ಸರ್ಕಾರಿ ಶಾಲೆಯ ಒಂದೇ ಜಗಲಿಯಲ್ಲಿ ನಾಲ್ಕು ಪಟ್ಟು ಅಂತರದ ಇಬ್ಬರು ಶಿಕ್ಷಕರು ನಿಲ್ಲುತ್ತಾರೆಂದು ಆಯೋಗ ಊಹಿಸಿರಲಾರದು. ಹಾಗಾಗಿ ನನ್ನ ತಕರಾರು ಸರಳ. ಎಂಟನೇ ವೇತನ ಆಯೋಗಕ್ಕೆ ಮನವಿ ಬರೆಯಲು ಕೂರುವ ಮೊದಲು ಸಂಘಗಳೂ ಸರ್ಕಾರವೂ ತಳದ ಸಂಬಳವನ್ನು ಮಾತಾಡಬೇಕು.

ದುಡ್ಡಿಲ್ಲ ಎಂಬ ಉತ್ತರ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಐವತ್ತು ಸಾವಿರ ಅತಿಥಿ ಶಿಕ್ಷಕರಿಗೆ 12,000ದ ಬದಲು 25,000 ಕೊಟ್ಟರೆ, ಹತ್ತು ತಿಂಗಳಿಗೆ ಹೆಚ್ಚುವರಿ ಹೊರೆ 650 ಕೋಟಿ. 7ನೇ ವೇತನ ಆಯೋಗದ ಜಾರಿಯಿಂದ ವರ್ಷಕ್ಕೆ ಬೀಳುವ ಹೊರೆ 20,208 ಕೋಟಿ ಎಂದು ಸರ್ಕಾರವೇ ಹೇಳಿತ್ತು. ಅದರ ಮೂವತ್ತನೇ ಒಂದು ಪಾಲಿಗೂ ಇದು ಬರುವುದಿಲ್ಲ. ತಡೆ ಇರುವುದು ಬೇರೆ ಕಡೆ. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ನಡುವಿನ 2006ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಾತ್ಕಾಲಿಕವಾಗಿ ಸೇರಿದವರು ಕಾಯಮಾತಿಯನ್ನು ಹಕ್ಕೆಂದು ಕೇಳುವಂತಿಲ್ಲ ಎಂದ ಮೇಲೆ, ಹಿಂಬಾಗಿಲಿನಿಂದ ಕಾಯಂ ಮಾಡುವಂತಿಲ್ಲ ಎಂಬುದು ಇಲಾಖೆಯ ಸಿದ್ಧ ಉತ್ತರವಾಗಿದೆ. ಆದರೆ 2016ರ ಜಗಜಿತ್ ಸಿಂಗ್ ತೀರ್ಪಿನಲ್ಲಿ ಅದೇ ಕೋರ್ಟ್, ಸಮಾನ ಕೆಲಸ ಮಾಡುವ ತಾತ್ಕಾಲಿಕ ನೌಕರರಿಗೆ ಕಾಯಂ ಶ್ರೇಣಿಯ ಕನಿಷ್ಠ ವೇತನ ಸಲ್ಲಬೇಕು ಎಂದಿದೆ. 2019ರಲ್ಲಿ ಬಿಹಾರದ ನಿಯೋಜಿತ ಶಿಕ್ಷಕರಿಗೆ ಅದನ್ನೇ ನಿರಾಕರಿಸಿದ್ದೂ ಅದೇ ಕೋರ್ಟ್. ಕಡತಕ್ಕೆ ಯಾವ ತೀರ್ಪು ಬೇಕೋ ಅದು ಸಿಗುತ್ತದೆ.

ಮನಸ್ಸು ಮಾಡಿದರೆ ಏರಿಸಬಹುದು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ, ಅದು ಪೂರ್ತಿ ಖುಷಿ ಕೊಡುವಂಥದ್ದಲ್ಲ. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿ ಕೂತ ಮೇಲೆ, 2022ರ ಜನವರಿಯಲ್ಲಿ ಅವರ ಗೌರವಧನ 11,000–13,000ದಿಂದ ಒಮ್ಮೆಲೇ 26,000–32,000ಕ್ಕೆ ಏರಿತು. ಜೊತೆಗೆ ಎಂಟು ಹತ್ತು ಗಂಟೆಯಿದ್ದ ವಾರದ ಪಾಠ ಹದಿನೈದಾಯಿತು. ಒಬ್ಬರಿಗೆ ಹದಿನೈದು ಗಂಟೆ ತುಂಬಿಸಲು ಇಬ್ಬರ ಕೆಲಸ ಸೇರಿಸಬೇಕಾಯಿತು, ಸಾವಿರಾರು ಮಂದಿ ಹೊರಗುಳಿದರು. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರು ಮೊದಲೇ ಪೂರ್ತಿ ದಿನ ಕೆಲಸ ಮಾಡುವವರು, ಅವರ ಗಂಟೆಗಳನ್ನು ಹೀಗೆ ಕೂಡಿಸಿ ತಲೆ ಎಣಿಕೆ ಇಳಿಸಲು ಬರುವುದಿಲ್ಲ. ಅವರಿಗೆ ಏರಿಸಿದರೆ ಪೂರ್ತಿ ಹಣವನ್ನೇ ಕೊಡಬೇಕು. ಬಹುಶಃ ಅದಕ್ಕೇ ಬಜೆಟ್ಟಿನಲ್ಲಿ ಎರಡು ಸಾವಿರಕ್ಕೆ ಕೈ ನಿಂತಿತು.